ಸೂರಮ್ಮನ ಬಳೆ ಗುರುತು

ಕಾಗದಪತ್ರಕ್ಕೆ ಹೆಬ್ಬೆಟ್ಟು ಒತ್ತುವ ರೂಢಿ ನಮ್ಮ ಕಡೆಗೆ ಇನ್ನೂ ಬಂದಿರದ ಕಾಲ. ಅಕ್ಷರ ಬಾರದ ಗಂಡಸರು ನೇಗಿಲು ಬರೆಯುತ್ತಿದ್ದರು, ಹೆಂಗಸರು ಬಳೆ ಬರೆಯುತ್ತಿದ್ದರು. ನೇಗಿಲೆಂದರೆ ನಾಲ್ಕು ಗೆರೆ. ಹೇಗೆ ಎಳೆದರೂ ಯಾವುದೋ ಒಂದು ನೇಗಿಲು ಆಗಿಯೇ ಆಗುತ್ತದೆ. ಬಳೆ ಹಾಗಲ್ಲ. ಒಂದೇ ಗೆರೆ, ಹೊರಟಲ್ಲಿಗೇ ಬಂದು ಸೇರಬೇಕು. ಇದರಲ್ಲೇನು ಮಹಾ ಎನ್ನುವವರು ಈಗಲೇ ಒಂದು ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಬರೆದು ನೋಡಬಹುದು. ಬರೆದಾದ ಮೇಲೆ ಮಾತಾಡೋಣ.

ದೇವಸಮುದ್ರದ ಬಳಿಯ ಹಟ್ಟಿಯೊಂದರ ಸೂರಮ್ಮ ಮೂವತ್ತೈದು ವರ್ಷ ತುಂಬುವವರೆಗೆ ಒಂದೇ ಒಂದು ಬಳೆ ಬರೆದಿದ್ದಳು. ಮದುವೆಯಲ್ಲಿ ಅವಳ ಅಪ್ಪ ದೊಡ್ಡಪಾಲಯ್ಯ ತಮ್ಮೂರಿನ ಒಂದು ಹೊಲವನ್ನು ಮಗಳ ಹೆಸರಿಗೆ ಕೊಟ್ಟಿದ್ದ. ಅಷ್ಟು ದೂರ ಹೋಗಿ ಉಳುವವರು ಯಾರು? ಗಂಡ ಹುಲಿಯಪ್ಪ ಆ ಹೊಲವನ್ನು ತಮ್ಮ ಹಟ್ಟಿಯಲ್ಲೇ ಬಾವಿಯಿದ್ದ ಮೂರು ಎಕರೆಗೆ ಅದಲುಬದಲು ಮಾಡಿಸಿದ. ಪತ್ರ ರಿಜಿಸ್ಟ್ರಿ ಆಗಬೇಕಾದರೆ ಹೊಲದ ಒಡತಿಯೇ ಚಳ್ಳಕೆರೆಗೆ ಬಂದು ಗುರುತು ಹಾಕಬೇಕು ಎಂದರು. ಎರಡು ದಿನ ಗಾಡಿಯಲ್ಲಿ ಕುಲುಕಿಸಿಕೊಂಡು ಹೋದಳು. ಪತ್ರ ಬರೆಯುವವನು ಅವಳ ಕೈಗೆ ಲೇಖನಿ ಕೊಟ್ಟು ಹಾಳೆಯ ಮೂಲೆ ತೋರಿಸಿದ. ಒನಕೆ, ಕುಡುಗೋಲು, ಬೀಸುಕಲ್ಲಿನ ಗೂಟ ಹಿಡಿದು ಗೊತ್ತಿದ್ದ ಕೈಗೆ ಆ ಕಡ್ಡಿ ಹಿಡಿದಂತೆಯೇ ಅನ್ನಿಸಲಿಲ್ಲ. ಲೇಖನಿಯ ಮುಳ್ಳು ಕಾಗದಕ್ಕೆ ಸಿಕ್ಕಿಕೊಂಡಿತು. ಗೆರೆ ಮೇಲೆ ಕಿರಿದಾಗಿ, ಕೆಳಗೆ ಎಡಕ್ಕೆ ಉಬ್ಬಿ, ವಾಪಸ್ಸು ಬರುವಾಗ ಹೊರಟ ಜಾಗದಲ್ಲಿ ನಿಲ್ಲದೆ ಮೇಲಕ್ಕೆ ಇನ್ನಷ್ಟು ಹೋಗಿಬಿಟ್ಟಿತು.

"ಬಳೆ ಬರಿ ಅಂದ್ರೆ ಬದನೇಕಾಯಿ ಬರೆದೀಯಲ್ಲಮ್ಮ, ತೊಟ್ಟಿನ ಸಮೇತ" ಅಂದ ಅವನು.

ಸುತ್ತ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಲಿಯಪ್ಪನೂ ನಕ್ಕ. ಅಷ್ಟಕ್ಕೆ ಬಿಡಲಿಲ್ಲ ಪುಣ್ಯಾತ್ಮ. ಮನೆಯಲ್ಲಿ ಬದನೆಕಾಯಿ ಪಲ್ಯ ಮಾಡಿದಾಗಲೆಲ್ಲ, "ಇವತ್ತು ನಿನ್ನ ರುಜು ಬೇಯಿಸಿದೀಯೇನೇ" ಎಂದು ಹನ್ನೆರಡು ವರ್ಷ ಛೇಡಿಸಿದ. ಸೂರಮ್ಮ ಪ್ರತಿಸಲವೂ ಮುಖ ಊದಿಸಿಕೊಳ್ಳುತ್ತಿದ್ದಳು. ಆಮೇಲೆ ಪ್ಲೇಗು ಬಂತು. ಹಟ್ಟಿಗೆ ಹಟ್ಟಿಯೇ ಹೊರಗೆ ಗುಡಿಸಲು ಹಾಕಿಕೊಂಡು ಕೂತಿದ್ದಾಗ ಹುಲಿಯಪ್ಪ ನಾಲ್ಕೇ ದಿನದಲ್ಲಿ ತೀರಿಕೊಂಡ. ಛೇಡಿಸುವವರಿಲ್ಲದ ಮನೆಯಲ್ಲಿ ಬದನೆಕಾಯಿ ಮಾಡುವುದನ್ನೂ ಅವಳು ಬಿಟ್ಟಳು.

ಗಂಡನ ತಮ್ಮ ಜಂಪಣ್ಣ ಅವಳನ್ನು ತನ್ನ ಮನೆಗೆ ಸೇರಿಸಿಕೊಂಡ. ಜಂಪಣ್ಣ ಗಟ್ಟಿಯಾಗಿ ಮಾತಾಡುವವನಲ್ಲ, ಕೈ ಎತ್ತುವವನಂತೂ ಅಲ್ಲ. ಅವನದೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆಯುವ ಕೆಲಸ. ಮೊದಲು ಅವಳ ಕೋಣೆಯಲ್ಲಿ ಜೋಳದ ಮೂಟೆ ಬಂದು ಕೂತವು. ಆಮೇಲೆ ಅವಳ ಹಾಸಿಗೆ ಬೀಸುಕಲ್ಲಿನ ಪಕ್ಕಕ್ಕೆ ಬಂತು. ಕಾಳು ತುಂಬಿಡುವ ಹಗೇವಿನ ಕೀಲಿ, ಹಿತ್ತಲ ಬಾಗಿಲ ಕೀಲಿ ಅವನ ಹೆಂಡತಿ ಚಿಕ್ಕಕ್ಕನ ಸೊಂಟಕ್ಕೆ ಹೋದವು. ನೀರಿಗೆ ಹೋಗಬೇಕಾದರೂ ಸೂರಮ್ಮ ಚಿಕ್ಕಕ್ಕನಿಗೆ ಹೇಳಿ ಹೋಗಬೇಕು. ಬರುವುದು ತಡವಾದರೆ ಬಾಗಿಲಲ್ಲೇ ನಿಂತು ಕಾರಣ ಕೊಡಬೇಕು. ಬೆಳಗಾದರೆ ಬೀಸುವುದು, ಬೈಗಾದರೆ ಬೀಸುವುದು. ಎಂಟು ಜನರ ಮುದ್ದೆಗೆ ಬೇಕಾದ ಹಿಟ್ಟು ಅವಳೊಬ್ಬಳ ರಟ್ಟೆಯಿಂದ ಬೀಳಬೇಕು. ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೆ ಜಗಳವಾಡಿ ಹೊರಬೀಳಬಹುದಿತ್ತೇನೋ.

ಬೀಸುತ್ತ ಕೂತಾಗ ಅವಳ ತಲೆಯಲ್ಲಿ ಓಡುತ್ತಿದ್ದುದು ಒಂದೇ ಯೋಚನೆ. ಬಾವಿಯ ಹೊಲ ಅವಳದು. ಬಾವಿಯ ದಂಡೆಯಲ್ಲಿ ಒಂದು ಗುಡಿಸಲು ಹಾಕಿಕೊಂಡರೆ ಸಾಕು. ಒಂದು ಒಲೆ, ಎರಡು ಮಡಕೆ, ಒಳಗಿನಿಂದ ತಾನೇ ಹಾಕಿಕೊಳ್ಳುವ ಒಂದು ಅಗಣಿ. ಮೂರು ವರ್ಷ ಆ ಅಗಣಿಯನ್ನು ಅವಳು ಮನಸ್ಸಿನಲ್ಲೇ ಹಾಕಿ ತೆಗೆದು ಮಾಡಿದಳು.

ಆ ಹೊತ್ತಿಗೆ ಜಂಪಣ್ಣ, ಬಾವಿಯ ಹೊಲದ ಖಾತೆಯನ್ನು ತನ್ನ ಹೆಸರಿಗೆ ಮಾಡಿಕೊಡಬೇಕೆಂದು ಸರ್ಕಾರಕ್ಕೆ ಅರ್ಜಿ ಹಾಕಿದ್ದಾನೆ ಎಂಬ ಸುದ್ದಿ ಬಂತು. ಅರ್ಜಿಯ ಜೊತೆಗೆ ಒಂದು ಒಪ್ಪಿಗೆ ಕಾಗದ. ಅಣ್ಣ ಸತ್ತ ಮೂರನೆಯ ತಿಂಗಳಲ್ಲಿ ಅತ್ತಿಗೆಯೇ ಒಪ್ಪಿ ಬರೆಸಿಕೊಟ್ಟದ್ದಂತೆ. ಕೆಳಗೆ ಅವಳ ಬಳೆ ಗುರುತು, ಪಕ್ಕದಲ್ಲಿ ಸಾಕ್ಷಿಯೆಂದು ಎರಡು ನೇಗಿಲು. ಅಂಥ ಕಾಗದವನ್ನು ಸೂರಮ್ಮ ಕಂಡೇ ಇರಲಿಲ್ಲ.

ಸುದ್ದಿ ತಂದವನು ಅವಳ ತಮ್ಮ ಗಾದ್ರಪ್ಪ. ಕುರಿಮಂದೆಯನ್ನು ಬಳ್ಳಾರಿ ಸೀಮೆಯ ಕಡೆಗೆ ಹೊಡೆದುಕೊಂಡು ಹೋಗುವ ಮುಂಚೆ ಅಕ್ಕನನ್ನು ನೋಡಿಹೋಗಲು ಬಂದವನು, ತವರಿಗೆ ಕರೆದೊಯ್ಯುತ್ತೇನೆಂದು ಚಿಕ್ಕಕ್ಕನಿಗೆ ಹೇಳಿ ಅವಳನ್ನು ನೇರ ಮೊಳಕಾಲ್ಮೂರಿನ ವಕೀಲ ಮುರುಗೇಂದ್ರಪ್ಪನ ಜಗಲಿಗೆ ಕರೆದೊಯ್ದ. ಮುರುಗೇಂದ್ರಪ್ಪ ಸೋತ ಕೇಸೇ ಇಲ್ಲವೆಂದು ಹೇಳಿಕೊಳ್ಳುತ್ತಿದ್ದರು. ನಿಜವೇ, ಅವರ ಹತ್ತಿರ ಬಂದ ಕೇಸುಗಳೇ ಬೆರಳೆಣಿಕೆಯಷ್ಟು. ಆದರೆ ಕೆಟ್ಟ ಮನುಷ್ಯರಲ್ಲ. ಸೂರಮ್ಮ ಮಡಿಲಲ್ಲಿ ಕಟ್ಟಿ ತಂದಿದ್ದ ಹಳೆಯ ಅದಲುಬದಲು ಪತ್ರವನ್ನು ಬಿಡಿಸಿ, ಗಾದ್ರಪ್ಪನ ಮಾತಿಗೆ ಮೊದಲೇ ಕಚೇರಿಯಿಂದ ತೆಗೆಸಿಟ್ಟಿದ್ದ ಒಪ್ಪಿಗೆ ಕಾಗದದ ನಕಲನ್ನು ಅದರ ಪಕ್ಕಕ್ಕಿಟ್ಟು, ತೊಡೆ ತಟ್ಟಿಕೊಂಡರು.

"ನೋಡು ಗಾದ್ರಪ್ಪ. ಇಲ್ಲಿರೋದು ಬದನೇಕಾಯಿ. ನಾನು ಕಚೇರೀಲಿ ಕಣ್ಣಾರೆ ನೋಡಿಬಂದೆ, ಅಸಲಿ ಕಾಗದದಾಗೆ ಹುಣ್ಣಿಮೆ ಚಂದ್ರ ಇದ್ದಂಗೆ ದುಂಡಗೈತೆ ಬಳೆ. ಬರೆದು ಪಳಗಿದ ಯಾವನೋ ಕೈ ಅದು. ಎರಡೂ ಒಂದೇ ಕೈಯವು ಅಂತ ಕುರುಡನೂ ಹೇಳಲ್ಲ."

"ಅಂಗಾರೆ ಗೆದ್ದಂಗೇನ್ರಿ?" ಅಂದ ಗಾದ್ರಪ್ಪ.

"ಅಮಲ್ದಾರರು ಮುಂದಿನ ತಿಂಗಳು ಇಲ್ಲಿಗೇ ಮೊಕ್ಕಾಂ ಬರ್ತಾರೆ. ಬಂದೋರು ಏನು ಮಾಡ್ತಾರೆ? ಅಮ್ಮಾ, ನನ್ನ ಕಣ್ಣ ಮುಂದೆ ನಿನ್ನ ಬಳೆ ಬರಿ ಅಂತಾರೆ. ಸೂರಮ್ಮ ಈ ಬದನೇಕಾಯಿನೇ ಬರೆದುಬಿಟ್ರೆ ಮುಗೀತು. ಒಂದು ತಿಂಗಳು ಐತೆ ತಾಯಿ. ದಿನಾ ಬರೆದೂ ಬರೆದೂ ಕೈ ಕೂರಿಸ್ಕೋ. ಇದೇ ಥರ, ಇದೇ ತೊಟ್ಟು."

ಈ ಮಾತನ್ನು ಅವರು ಹೇಳದೇ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬುದ್ಧಿವಂತರು ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟೋ ಜನ ಉಳಿದುಕೊಳ್ಳುತ್ತಾರೆ. ಸೂರಮ್ಮ ಹಳೆಯ ಪತ್ರದ ಮೇಲಿನ ಗುರುತನ್ನು ಕಣ್ಣಲ್ಲೇ ತುಂಬಿಕೊಂಡು, ಪತ್ರವನ್ನು ವಕೀಲರ ಹತ್ತಿರವೇ ಬಿಟ್ಟು, ತಮ್ಮನ ಜೊತೆ ಹಟ್ಟಿಗೆ ಮರಳಿದಳು. ಗಾದ್ರಪ್ಪ ಮಾರನೆಯ ದಿನವೇ ಕುರಿ ಹೊಡೆದುಕೊಂಡು ಹೋದ. ಅವಳು ಮತ್ತೆ ಚಿಕ್ಕಕ್ಕನ ಕೀಲಿಯೊಳಗೆ ಬಂದು ಕೂತಳು.

ಬರೆಯುವುದಕ್ಕೆ ಜಾಗವೆಂದರೆ ಒಲೆಯ ಮುಂದಿನ ಬೂದಿ. ಹಸಿ ಸೌದೆ ಊದುವ ನೆಪದಲ್ಲಿ ಬಗ್ಗಿ, ಬೂದಿ ಹರವಿ, ಬೆರಳಿಂದ ಒಂದು ಬದನೆಕಾಯಿ ಬರೆದಳು. ಬಂದದ್ದು ಕೋಳಿಮೊಟ್ಟೆ. ಅಳಿಸಿ ಇನ್ನೊಂದು ಬರೆದಳು. ಅದು ಅಡಿಕೆಯಂತಾಯಿತು. ಮೂರನೆಯದಕ್ಕೆ ಉಬ್ಬು ಬಲಕ್ಕೆ ಬಂತು. ಉಬ್ಬನ್ನು ಎಡಕ್ಕೆ ತಂದರೆ ತೊಟ್ಟು ಹೋಯಿತು; ತೊಟ್ಟನ್ನು ನೆನಪಿಟ್ಟುಕೊಂಡು ಬರೆದರೆ ಸಂತೆಯಲ್ಲಿ ಮಾರುವ ಬದನೆಕಾಯಿಯೇ ಆಯಿತು, ಅವಳ ಬದನೆಕಾಯಿ ಆಗಲಿಲ್ಲ. ತಾನೇ ಮಾಡಿದ ತಪ್ಪು, ತನಗೇ ಮತ್ತೆ ಮಾಡಲು ಬರುತ್ತಿಲ್ಲ. ಮೊದಮೊದಲು ಅವಳಿಗೇ ನಗು ಬಂತು. ನಾಲ್ಕು ದಿನವಾದ ಮೇಲೆ ನಗು ನಿಂತಿತು.

ಹತ್ತನೆಯ ದಿನದ ಹೊತ್ತಿಗೆ ಇನ್ನೊಂದು ಶುರುವಾಯಿತು. ಬೆರಳು ಅವಳ ಮಾತು ಕೇಳದೆ ತನ್ನ ಪಾಡಿಗೆ ತಾನು ದುಂಡಗೆ ಸುತ್ತತೊಡಗಿತು. ಮೂರು ವರ್ಷ ಹಗಲೂ ಇರುಳೂ ಬೀಸುಕಲ್ಲು ತಿರುಗಿಸಿದ ರಟ್ಟೆ ಅದು. ಅದಕ್ಕೆ ಗೊತ್ತಿದ್ದ ದಾರಿಯೇ ದುಂಡು. ಹೆದರಿಕೆ ಬಿಟ್ಟು, ಮೆತ್ತನೆಯ ಬೂದಿ ಸಿಕ್ಕಿ, ಬರೆದು ಬರೆದು ರೂಢಿಯಾಗಿ, ಈಗ ಅದು ತನ್ನ ದಾರಿ ಹಿಡಿದಿತ್ತು. ಅಡ್ಡ ಎಳೆದರೂ ತಿರುಗಿ ಬಂದು ಸೇರುತ್ತಿತ್ತು. ಎಡಗೈಯಲ್ಲಿ ಬರೆದು ನೋಡಿದಳು. ಅದು ಬಳೆಯೂ ಅಲ್ಲ, ಬದನೆಯೂ ಅಲ್ಲ, ಮುರಿದ ಮೊರದ ಅಂಚಿನಂತೆ ಏನೋ ಒಂದು. ಇಪ್ಪತ್ತನೆಯ ದಿನ ಬೂದಿಯ ಮೇಲೆ ಮೂಡಿದ ಬಳೆ ವಕೀಲರು ಹೇಳಿದ ಹುಣ್ಣಿಮೆ ಚಂದ್ರನಷ್ಟೇ ದುಂಡಗಿತ್ತು.

ಆ ಹೊತ್ತಿಗೇ ಚಿಕ್ಕಕ್ಕ ಹಿಂದೆ ಬಂದು ನಿಂತಿದ್ದಳು.

"ಏನಕ್ಕ ಇದು? ಗಂಡ ಸತ್ತೋಳು ಒಲೆ ಮುಂದೆ ಬಳೆ ಬರಕಂಡು ಕುಂತಿದೀಯ" ಅಂದಳು. "ನೋಡ್ದೋರು ಏನಂದಾರು?"

ಸೂರಮ್ಮ ತನ್ನ ಬೋಳು ಮುಂಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮಧ್ಯಾಹ್ನ ಉಣ್ಣಲು ಬಂದ ಜಂಪಣ್ಣ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೂದಿಯನ್ನು ನೋಡಿದ. ಅಳಿಸಲು ಅವಳಿಗೆ ಚಿಕ್ಕಕ್ಕ ಬಿಟ್ಟಿರಲಿಲ್ಲ.

"ಚೆಂದಾಗಿ ಬರ್ತಾ ಐತಲ್ಲ ಅತ್ತಿಗೆ" ಅಂದ, ಮೆತ್ತಗೆ. "ಸಾಹೇಬ್ರ ಮುಂದೆನೂ ಇಂಗೇ ಬರಿ."

ಅವತ್ತಿನಿಂದ ಅವಳು ಬರೆಯುವುದನ್ನು ಬಿಟ್ಟಳು. ಬೆರಳು ಬಿಡಲಿಲ್ಲ. ಉಣ್ಣುವಾಗ ತಟ್ಟೆಯ ಅಂಚಿನಲ್ಲಿ, ಕೂತಾಗ ತೊಡೆಯ ಮೇಲೆ, ಅದು ಸುತ್ತುತ್ತಲೇ ಇತ್ತು. ಮರೆಯಬೇಕು ಮರೆಯಬೇಕು ಎಂದುಕೊಂಡಷ್ಟೂ ಗಟ್ಟಿಯಾಯಿತು. ವಕೀಲರಿಗೆ ಹೀಗಾಗಿದೆ ಎಂದು ಹೇಳಿಕಳಿಸೋಣವೆಂದರೆ ಕೇಳದೆ ಹೊಸ್ತಿಲು ದಾಟುವಂತಿಲ್ಲ, ಹೇಳಿಕಳಿಸಲು ಜನವಿಲ್ಲ. ಹೇಳಿದರೂ ಅವರೇನು ಮಾಡಿಯಾರು, ಕೈ ಅವಳದೇ ತಾನೆ. ತನ್ನ ಕೈಯೇ ಜಂಪಣ್ಣನ ಕಡೆ ಸೇರಿಕೊಂಡಿದೆ ಎಂದು ಅವಳಿಗೆ ಅನ್ನಿಸಿ ಅಳು ಬಂತು.

ವಿಚಾರಣೆಯ ದಿನ ಇನ್ನೊಂದು ಫಜೀತಿ. ಮೊಳಕಾಲ್ಮೂರಿಗೆ ಹೋಗಲು ಹಟ್ಟಿಯಲ್ಲಿ ಅವಳಿಗೆ ಸಿಗುವ ಗಾಡಿ ಒಂದೇ, ಜಂಪಣ್ಣನದು. ವಾದಿ ಪ್ರತಿವಾದಿ ಇಬ್ಬರೂ ಒಂದೇ ಗಾಡಿಯಲ್ಲಿ ಕೂತು, ಒಂದೇ ಬುತ್ತಿಯ ರೊಟ್ಟಿ ತಿನ್ನುತ್ತ ಹೋದರು. ದಾರಿಯುದ್ದಕ್ಕೂ ಜಂಪಣ್ಣ ಮಳೆ ಬೆಳೆ ಮಾತಾಡಿದ. ಕುಲುಕಾಟ ಜಾಸ್ತಿಯಾದಲ್ಲಿ, "ಹುಷಾರು ಅತ್ತಿಗೆ, ಗೂಟ ಹಿಡ್ಕ" ಎಂದ. ಅವಳು ಗೂಟ ಹಿಡಿದುಕೊಂಡು, ಬೆರಳು ಸುತ್ತದಂತೆ ಮುಷ್ಟಿ ಬಿಗಿಮಾಡಿಕೊಂಡು ಕೂತಳು.

ಅಮಲ್ದಾರರು ಛತ್ರದ ಪಡಸಾಲೆಯಲ್ಲಿ ಮೇಜು ಹಾಕಿಕೊಂಡಿದ್ದರು. ಮೈಸೂರು ಕಡೆಯವರು, ನಡುವಯಸ್ಸು, ಕನ್ನಡಕ. ಪಕ್ಕದಲ್ಲಿ ಚಾಪೆಯ ಮೇಲೆ ಮುದುಕ ಗುಮಾಸ್ತ, ಮುಂದೆ ಮಸಿಕುಡಿಕೆ, ಮರಳಿನ ಬಟ್ಟಲು. ಮೊದಲು ಜಂಪಣ್ಣನ ಹೇಳಿಕೆ.

"ನಮ್ಮಣ್ಣ ಸತ್ತು ಮೂರನೇ ತಿಂಗಳು ಸ್ವಾಮಿ" ಅಂದ ಜಂಪಣ್ಣ, ತಲೆ ತಗ್ಗಿಸಿ. "ಅತ್ತಿಗೆ ಒಂದೇ ಸಮ ಅಳ್ತಿದ್ಲು. ನಂಗ್ಯಾಕಪ್ಪ ಹೊಲ, ನೀನೇ ನೋಡ್ಕ, ನಂಗೊಂದು ತುತ್ತು ಹಾಕು ಸಾಕು ಅಂದ್ಲು. ಅಳ್ತಾ ಅಳ್ತಾನೇ ಗುರುತು ಹಾಕಿದ್ಲು. ಕಣ್ಣೀರು ಕಾಗದದ ಮೇಲೆ ಬಿದ್ದೀತು ಅಂತ ನಾನೇ ಸೆರಗು ಹಿಡಿದಿದ್ದೆ. ಒಡಹುಟ್ಟಿದೋನ ಹೆಂಡ್ತಿ, ನಾನು ಸುಳ್ಳು ಹೇಳಿ ಏನು ಮಾಡ್ಲಿ."

ಗುಮಾಸ್ತ ಅಷ್ಟನ್ನೂ ಬರೆದುಕೊಂಡ. ಸೂರಮ್ಮನಿಗೆ ಮೈ ಉರಿಯಿತು. ಆ ತಿಂಗಳು ಅವಳು ಅತ್ತದ್ದು ನಿಜ. ಆ ಅಳುವನ್ನೂ ಅವನು ತನ್ನ ಸಾಕ್ಷಿಗೆ ತೆಗೆದುಕೊಂಡಿದ್ದ. ತನ್ನ ಸರದಿ ಬಂದಾಗ, ತಾನು ಕಾಗದ ಕಂಡಿಲ್ಲ, ಗುರುತು ಹಾಕಿಲ್ಲ, ಹೊಲ ತನ್ನದು ಎಂದಷ್ಟೇ ಹೇಳಿದಳು. ಮುರುಗೇಂದ್ರಪ್ಪ ಎದ್ದು, ಹಳೆಯ ಪತ್ರವನ್ನು ಮೇಜಿನ ಮೇಲಿಟ್ಟು, ಬದನೆಕಾಯಿಯನ್ನೂ ಹುಣ್ಣಿಮೆ ಚಂದ್ರನನ್ನೂ ಜೋಡಿಸಿ ಎರಡು ಮಾತಾಡಿ, ಗೆದ್ದವರ ಹಾಗೆ ಕೂತರು.

ಅಮಲ್ದಾರರು ಎರಡನ್ನೂ ನೋಡಿ ತಲೆದೂಗಿದರು. "ಒಂದು ಹಾಳೆ ಕೊಡಿ" ಎಂದರು ಗುಮಾಸ್ತನಿಗೆ. "ಇಲ್ಲಿ ನಿನ್ನ ಗುರುತು ಹಾಕಮ್ಮ. ಒಂದಲ್ಲ, ಹತ್ತು ಹಾಕು. ಅವಸರವಿಲ್ಲ."

ಸೂರಮ್ಮ ನೆಲದ ಮೇಲೆ ಕೂತಳು. ಲೇಖನಿ ಹಿಡಿದ ಕೈ ನಡುಗಿತು. ನಡುಗಲಿ, ನಡುಗಿದರೆ ಒಳ್ಳೆಯದು ಎಂದುಕೊಂಡಳು. ಮೇಲೆ ಕಿರಿದು, ಕೆಳಗೆ ಎಡಕ್ಕೆ ಉಬ್ಬು, ಆಮೇಲೆ ತೊಟ್ಟು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಎಳೆದಳು. ನಡುಕ ಅರ್ಧ ದಾರಿಯಲ್ಲಿ ನಿಂತೇ ಹೋಯಿತು. ಗೆರೆ ಸುತ್ತಿ ಬಂದು ಹೊರಟಲ್ಲಿಗೆ ಸೇರಿಕೊಂಡಿತು. ಎರಡನೆಯದನ್ನು ಬೇಕೆಂದೇ ಅಡ್ಡಡ್ಡ ಎಳೆಯಲು ಹೋದಳು. ಜಂಪಣ್ಣ ನೋಡುತ್ತಿದ್ದ, ಸಾಹೇಬರು ನೋಡುತ್ತಿದ್ದರು, ಬಾಗಿಲಲ್ಲಿ ನಿಂತ ಜನ ನೋಡುತ್ತಿದ್ದರು. ಅಷ್ಟು ಕಣ್ಣುಗಳ ಮುಂದೆ ಸುಳ್ಳು ಗೆರೆ ಎಳೆಯಲು ಅವಳಿಗೆ ಧೈರ್ಯವಾಗಲಿಲ್ಲ. ಕೈ ತನಗೆ ಗೊತ್ತಿದ್ದದ್ದನ್ನು ಮಾಡಿತು. ಮೂರು, ನಾಲ್ಕು, ಐದು. ಬೆವರು ಹಣೆಯಿಂದ ಇಳಿದು ಮೂಗಿನ ತುದಿಗೆ ಬಂತು. ಹತ್ತನೆಯ ಬಳೆ ಬಳೆಗಾರನ ಮಲಾರದಿಂದ ಈಗ ತಾನೇ ತೆಗೆದಂತಿತ್ತು.

ಮುರುಗೇಂದ್ರಪ್ಪ ಹಾಳೆ ನೋಡಿ ತಲೆಯ ಮೇಲೆ ಕೈ ಹೊತ್ತರು.

"ಇದು ಪಳಗಿದ ಕೈ" ಎಂದರು ಅಮಲ್ದಾರರು. ಒಪ್ಪಿಗೆ ಕಾಗದವನ್ನು ಹತ್ತು ಬಳೆಗಳ ಪಕ್ಕಕ್ಕೆ ಇಟ್ಟು, ಕನ್ನಡಕ ಸರಿಮಾಡಿಕೊಂಡು ನೋಡಿದರು. "ವಕೀಲರೇ, ನಿಮ್ಮ ಕಕ್ಷಿದಾರಳು ದುಂಡಗೆ ಬರೆಯಲಾರಳು ಎಂದಿರಿ. ನನಗಿಂತ ಚೆನ್ನಾಗಿ ಬರೆಯುತ್ತಾಳೆ."

"ಅದು ಸ್ವಾಮಿ, ಅಭ್ಯಾಸ..." ಎಂದು ಶುರುಮಾಡಿದವರು, ಮುಂದೆ ಹೇಳಿದರೆ ಅಭ್ಯಾಸ ಮಾಡಲು ಹೇಳಿಕೊಟ್ಟವರು ಯಾರೆಂಬ ಪ್ರಶ್ನೆ ಬರುತ್ತದೆಂದು ಹೊಳೆದು ಬಾಯಿ ಮುಚ್ಚಿಕೊಂಡರು. ಅಮಲ್ದಾರರು ಹೇಳಿಕೆಗಳಿಗೆ ಗುರುತು ಹಾಕಿಸಿಕೊಳ್ಳಲು ಗುಮಾಸ್ತನಿಗೆ ಹೇಳಿ, ಊಟಕ್ಕೆ ಒಳಗೆ ಎದ್ದುಹೋದರು. ಬಾಗಿಲಲ್ಲಿದ್ದ ಜನ ಚದುರಿದರು. ಜಂಪಣ್ಣ ಕಂಬಕ್ಕೊರಗಿ ಎಲೆ ಅಡಿಕೆ ತೆಗೆದ.

ಸೂರಮ್ಮ ಕೂತಲ್ಲೇ ಕೂತಿದ್ದಳು. ಎಲ್ಲ ಮುಗಿದಿತ್ತು. ಬಾವಿ ಹೋಯಿತು, ಗುಡಿಸಲು ಹೋಯಿತು, ಅಗಣಿ ಹೋಯಿತು. ಸಾಯುವ ತನಕ ಬೀಸುಕಲ್ಲಿನ ಪಕ್ಕದ ಹಾಸಿಗೆ, ಚಿಕ್ಕಕ್ಕನ ಕೀಲಿ, ಜಂಪಣ್ಣನ ಮೆತ್ತನೆಯ ಮಾತು. ಗುಮಾಸ್ತ ಅವಳ ಹೇಳಿಕೆಯನ್ನು ಓದುತ್ತಿದ್ದ. ಕಿವಿಗೆ ಏನೂ ಬೀಳಲಿಲ್ಲ. ಕಣ್ಣು ತುಂಬಿ ಎದುರಿನದೆಲ್ಲ ಮಂಜಾಗಿತ್ತು. ಹುಲಿಯಪ್ಪ ಇದ್ದಿದ್ದರೆ ಎಂದುಕೊಂಡಳು, ಅಷ್ಟೇ, ಬಿಕ್ಕಿ ಬಂತು.

"ಓದಿ ಕೇಳಿಸಿದ್ದು ಸರಿ ಅಂತ ಇಲ್ಲೊಂದು ಗುರುತು ಹಾಕ್ಬಿಡಮ್ಮ" ಎಂದು ಗುಮಾಸ್ತ ಲೇಖನಿ ಕೊಟ್ಟ.

ಅಳುತ್ತಲೇ ಎಳೆದಳು. ದುಂಡಗೆ ಬರಲಿ ಎಂದೂ ಇಲ್ಲ, ಬಾರದಿರಲಿ ಎಂದೂ ಇಲ್ಲ. ಮುಳ್ಳು ಎಲ್ಲೋ ಸಿಕ್ಕಿಕೊಂಡಿತು, ಬಿಕ್ಕಿನ ಜೊತೆಗೆ ಕೈ ಜಾರಿತು.

"ಅರೆ, ಕೆಡಿಸಿಬಿಟ್ಟೆಯಲ್ಲಮ್ಮ" ಅಂದ ಗುಮಾಸ್ತ.

ಸೆರಗಿನಿಂದ ಕಣ್ಣೊರೆಸಿಕೊಂಡು ನೋಡಿದಳು. ಮೇಲೆ ಕಿರಿದು. ಕೆಳಗೆ ಎಡಕ್ಕೆ ಉಬ್ಬು. ಹೊರಟ ಜಾಗ ದಾಟಿ ಮೇಲಕ್ಕೆ ಹೋದ ತೊಟ್ಟು. ತಿಂಗಳಿಡೀ ಬೂದಿಯಲ್ಲಿ ಹುಡುಕಿದರೂ ಸಿಗದಿದ್ದದ್ದು ಹಸಿ ಮಸಿಯಲ್ಲಿ ಹೊಳೆಯುತ್ತ ಕೂತಿತ್ತು.

ಗುಮಾಸ್ತ ಒಳ್ಳೆಯವನು. ಅಳುವ ಹೆಂಗಸನ್ನು ಗದರಬಾರದೆಂದು ತಗ್ಗಿದ ದನಿಯಲ್ಲಿ, "ಹೋಗ್ಲಿ ಬಿಡು ತಾಯಿ, ಬೇರೆ ಹಾಳೇಲಿ ಬರ್ಕೊಡ್ತೀನಿ. ಇದನ್ನ ನೋಡಿದ್ರೆ ಸಾಹೇಬ್ರು ನಂಗೇ ಬಯ್ತಾರೆ. ಆಗ್ಲೇ ಹಾಕಿದ್ಯಲ್ಲ, ಅಂಥದ್ದೇ ಒಂದು ಚೆಂದಾಗಿರೋದು ಹಾಕು" ಎಂದು ಹಾಳೆಯನ್ನು ಹರಿಯಲು ಎತ್ತಿದ.

ಸೂರಮ್ಮ ಹಾಳೆಯ ಇನ್ನೊಂದು ಅಂಚನ್ನು ಹಿಡಿದುಕೊಂಡಳು.

"ಬಿಡಮ್ಮ."

"ಬಿಡಲ್ಲ" ಅಂದಳು. ಮೂರು ವರ್ಷದಲ್ಲಿ ಯಾರಾದರೂ ಮಾಡೆಂದದ್ದಕ್ಕೆ ಅವಳ ಬಾಯಿಂದ ಬಂದ ಮೊದಲ 'ಇಲ್ಲ' ಅದು. ದನಿ ಅವಳಿಗೇ ಗುರುತು ಸಿಗಲಿಲ್ಲ.

ಕಂಬದ ಹತ್ತಿರದಿಂದ ಜಂಪಣ್ಣ ಬಂದು ಬಗ್ಗಿ ನೋಡಿದ. ಹಾಳೆಯ ಮೇಲಿದ್ದದ್ದನ್ನು ಕಂಡು ಅಗಿಯುವುದನ್ನು ನಿಲ್ಲಿಸಿದ. "ಹರಿದಾಕ್ರಿ ಅದನ್ನ" ಅಂದ. ಎಂದೂ ಏರದ ಅವನ ದನಿ ಅವತ್ತು ಛತ್ರದ ತೊಲೆಗೆ ತಾಗಿತು. ಆ ಗಲಾಟೆಗೆ ಅಮಲ್ದಾರರು ಎಂಜಲು ಕೈಯಲ್ಲೇ ಹೊರಗೆ ಬಂದರು. ಗುಮಾಸ್ತ ಹಾಳೆ ಬಿಟ್ಟ. ಸೂರಮ್ಮ ಮಸಿ ಮುಟ್ಟದಂತೆ ಎರಡೂ ಅಂಚು ಹಿಡಿದು ಅದನ್ನು ಅವರ ಕಡೆಗೆ ಚಾಚಿದಳು.

ಅಮಲ್ದಾರರು ಕೈ ತೊಳೆದು ಬಂದು, ಹಳೆಯ ಪತ್ರವನ್ನು ತರಿಸಿ ಎರಡನ್ನೂ ನೋಡಿದರು. ಬಹಳ ಹೊತ್ತು ನೋಡಿದರು.

"ಆ ಹತ್ತೂ ದುಂಡಗಿವೆ. ಇದು ಹೀಗಿದೆ. ಇದರಲ್ಲಿ ನಿನ್ನದು ಯಾವುದಮ್ಮ?"

ಮುರುಗೇಂದ್ರಪ್ಪ ಬದನೆಕಾಯಿಯ ಕಡೆಗೆ ಕಣ್ಣಲ್ಲೇ ಸನ್ನೆ ಮಾಡಿದರು. ಸೂರಮ್ಮ ಅವರನ್ನು ನೋಡಲಿಲ್ಲ.

"ಎಲ್ಲಾ ನಂದೇ ಸ್ವಾಮಿ" ಅಂದಳು. "ತಿಂಗಳೆಲ್ಲ ಬೂದಿಯಾಗೆ ಬರೆದು ಬರೆದು ಕೈ ದುಂಡಗಾಯ್ತು. ಆ ಹತ್ತು ರೂಢಿಗೆ ಬಂದವು. ಇದು ಸೋತು ಅಳ್ತಾ ಹಾಕಿದ್ದು."

ವಕೀಲರು ಕಣ್ಣು ಮುಚ್ಚಿಕೊಂಡರು. ಜಂಪಣ್ಣ ಉಸಿರು ಬಿಟ್ಟ. ಅಮಲ್ದಾರರು ಒಪ್ಪಿಗೆ ಕಾಗದವನ್ನು ಎತ್ತಿ ತೋರಿಸಿದರು. "ದುಂಡಗೂ ನಿನ್ನದೇ, ಸೊಟ್ಟಗೂ ನಿನ್ನದೇ ಎಂದಮೇಲೆ, ಇದೂ ನಿನ್ನದೇ ಇರಬಹುದಲ್ಲ?"

ಬಲೆ ಎಲ್ಲ ಕಡೆಯಿಂದಲೂ ಬಿಗಿಯಿತು. ನಿಜ ಹೇಳಿದ್ದಕ್ಕೇ ಸಿಕ್ಕಿಬಿದ್ದಿದ್ದಳು. ಸೂರಮ್ಮ ಆ ಕಾಗದದ ಬಳೆಯನ್ನು ಮೊದಲ ಸಲ ಹತ್ತಿರದಿಂದ ನೋಡಿದಳು. ಎಲ್ಲೂ ನಿಲ್ಲದ, ಎಲ್ಲೂ ಅದುರದ ಗೆರೆ. ನೋಡುತ್ತ ನೋಡುತ್ತ ಅವಳ ಅಳು ನಿಂತಿತು.

"ಅದು ನಂದಲ್ಲ ಸ್ವಾಮಿ. ಜಂಪಣ್ಣನೇ ಹೇಳಿದ್ನಲ್ಲ, ಅವತ್ತು ನಾನು ಅಳ್ತಿದ್ದೆ ಅಂತ. ಅಳ್ತಾ ಅಳ್ತಾನೇ ಹಾಕಿದ್ಲು ಅಂತ ಬರೆಸೌನೆ. ಅಳ್ತಾ ಹಾಕಿದ್ರೆ ನನ್ನ ಕೈಯಾಗೆ ಯಾವುದು ಬರ್ತದೆ ಅಂತ ಈಗ ನೋಡಿದ್ರಲ್ಲ. ಆವಾಗ ಇನ್ನೂ ಬೂದಿಯಾಗೆ ಕಲಿತಿರಲೂ ಇಲ್ಲ. ಗಂಡ ಸತ್ತ ಮೂರು ತಿಂಗಳಿಗೆ ಇಷ್ಟು ದುಂಡಗೆ ಬಳೆ ಬರೆಯೋ ಹೆಂಗಸು ಎಲ್ಲಾರ ಇದ್ರೆ ತೋರಿಸ್ಲಿ."

ಅಮಲ್ದಾರರು ಜಂಪಣ್ಣನ ಹೇಳಿಕೆಯನ್ನು ಗುಮಾಸ್ತನಿಂದ ಇನ್ನೊಮ್ಮೆ ಓದಿಸಿದರು. 'ಅಳುತ್ತಾ ಅಳುತ್ತಾ' ಎಂಬಲ್ಲಿಗೆ ಬಂದಾಗ, ಸಾಕು ಎಂಬಂತೆ ಕೈ ಎತ್ತಿದರು.

"ಕಣ್ಣೀರು ಕಾಗದದ ಮೇಲೆ ಬೀಳದಂತೆ ಸೆರಗು ಹಿಡಿದವನು ನೀನೇ ತಾನೆ?" ಎಂದು ಕೇಳಿದರು.

ಜಂಪಣ್ಣ ಬಾಯಲ್ಲಿದ್ದ ಎಲೆಯನ್ನು ಉಗಿಯಲೂ ಆಗದೆ ನುಂಗಲೂ ಆಗದೆ ನಿಂತಿದ್ದ. ಅಮಲ್ದಾರರು ಕೂತು, ಒಪ್ಪಿಗೆ ಕಾಗದ ನಂಬತಕ್ಕದ್ದಲ್ಲವೆಂದೂ, ಖಾತೆ ಸೂರಮ್ಮನ ಹೆಸರಿನಲ್ಲೇ ಇರತಕ್ಕದ್ದೆಂದೂ ಗುಮಾಸ್ತನಿಗೆ ಹೇಳಿ ಬರೆಸಿದರು. ಮುರುಗೇಂದ್ರಪ್ಪ ಶಲ್ಯ ಸರಿಮಾಡಿಕೊಂಡು, ಇದೆಲ್ಲ ತಮಗೆ ಮೊದಲೇ ಗೊತ್ತಿತ್ತೆಂಬಂತೆ ತಲೆಯಾಡಿಸಿದರು.

ಹುಕುಮು ತಿಳಿದುಕೊಂಡದ್ದಕ್ಕೂ ಒಂದು ಗುರುತು ಬೇಕಲ್ಲ. ಗುಮಾಸ್ತ ಮತ್ತೆ ಲೇಖನಿ ಅದ್ದಿ ಕೊಟ್ಟ. ಈ ಸಲ ಏನೂ ಬುದ್ಧಿ ಹೇಳಲಿಲ್ಲ. ಅವಳು ಬಗ್ಗಿದಾಗ ಜಂಪಣ್ಣ ಪಕ್ಕಕ್ಕೆ ಬಂದು ಕೂತ. ದನಿ ಮತ್ತೆ ಮೆತ್ತಗಾಗಿತ್ತು.

"ದುರ್ಗಕ್ಕೆ ಅಪೀಲು ಹೋಗ್ತೀನಿ ಅತ್ತಿಗೆ. ಅಲ್ಲಿ ಇವರಿಗಿಂತ ದೊಡ್ಡ ಸಾಹೇಬ್ರು ಅವ್ರೆ. ಅವರ ಮುಂದೆನೂ ಬರೀಬೇಕಾಗ್ತೈತೆ ನೀನು. ಆವಾಗ ಯಾವುದು ಬರ್ತೈತೋ ನೋಡಾನ."

ಸೂರಮ್ಮನ ಕೈ ಹಾಳೆಯ ಮೇಲೆ ನಿಂತಿತು. ಮತ್ತೆ ಒಂದು ಪಡಸಾಲೆ, ಮತ್ತೆ ಅಷ್ಟು ಕಣ್ಣು, ಮತ್ತೆ ಈ ಒಂದು ಗೆರೆ. ಯಾವುದು ಬರುತ್ತದೋ ಅವಳಿಗೂ ಗೊತ್ತಿರಲಿಲ್ಲ. ಆಮೇಲೆ ಗೆರೆ ಎಳೆದಳು. ಬಂದದ್ದು ಬಳೆಯ ಹಾಗೂ ಇರಲಿಲ್ಲ, ಬದನೆಕಾಯಿಯ ಹಾಗೂ ಇರಲಿಲ್ಲ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಕೊಂಚ ಬಾಯಿ ಬಿಟ್ಟುಕೊಂಡಿತ್ತು.

"ದುರ್ಗದಾಗೂ ಬರೀತೀನಿ ಜಂಪಣ್ಣ" ಅಂದಳು. "ಅದರ ಮೇಲಿನೋರ ಹತ್ರ ಹೋಗು, ಅಲ್ಲೂ ಬರೀತೀನಿ. ಹೆಂಗೆ ಬಂದ್ರೂ ಅದು ನಂದೇ."

ಗುಮಾಸ್ತ ಬಟ್ಟಲಿನಿಂದ ಒಂದು ಚಿಟಿಕೆ ಮರಳು ತೆಗೆದು ಗುರುತಿನ ಮೇಲೆ ಉದುರಿಸಿದ. ಮಸಿ ಆರುವ ತನಕ ಸೂರಮ್ಮ ಅಲ್ಲೇ ಕೂತಿದ್ದಳು.